ಆರು ಜನರ ಗಾಳಿ

ನನ್ನ ನಾಲಗೆ ಮೊದಲಿನಿಂದಲೂ ಸ್ವಲ್ಪ ಉದ್ದ. ಮನೆಯಲ್ಲಿ ಅವ್ವ ಹೇಳುತ್ತಿದ್ದಳು, ಶಾಲೆಯಲ್ಲಿ ಹೆಡ್‌ಮಾಸ್ತರರು ಹೇಳುತ್ತಿದ್ದರು, ಮದುವೆಯಾದ ಮೇಲೆ ಗಂಡ ಕೆಲವು ವರ್ಷ ಹೇಳಿ ಆಮೇಲೆ ಬಿಟ್ಟುಬಿಟ್ಟರು. ಗಣಿತ ಕಲಿಸುವವಳು ನಾನು. ತಪ್ಪು ಲೆಕ್ಕ ಕಂಡರೆ ಬಾಯಿ ಮುಚ್ಚಿಕೊಂಡಿರುವುದು ನನ್ನಿಂದ ಆಗುತ್ತಿರಲಿಲ್ಲ. ಲಗ್ನದ ಮನೆಯಲ್ಲಿ ಪಂಕ್ತಿಗೆ ಎಷ್ಟು ಎಲೆ ಎಂದು ಯಾರೋ ತಪ್ಪು ಎಣಿಸಿದರೂ ನಡುವೆ ಹೋಗಿ ತಿದ್ದಿ ಬರುತ್ತಿದ್ದೆ. ಮಕ್ಕಳ ಮೇಲೆ ಎಂದೂ ಕೈ ಎತ್ತಲಿಲ್ಲ, ಚಾಷ್ಟಿ ಮಾಡುತ್ತಿದ್ದೆ ಅಷ್ಟೆ. ವರ್ಗವೆಲ್ಲ ನಗುತ್ತಿತ್ತು, ಯಾರ ಚಾಷ್ಟಿಯೋ ಆ ಮಗುವೂ ನಗುತ್ತಿತ್ತು. ಅದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದೇ ತಿಳಿದಿದ್ದೆ. ಒಬ್ಬಳಿಗೆ ಆಯಿತು. ಅದನ್ನೇ ಬರೆಯಲು ಕುಳಿತಿದ್ದೇನೆ.

ಆಗ ನಾನಿದ್ದ ಶಾಲೆ ರಾಯಬಾಗದಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಏಳನೆಯ ಇಯತ್ತೆಯವರೆಗೆ ಮಾತ್ರ ಇತ್ತು. ಎಂಟಕ್ಕೆ ರಾಯಬಾಗಕ್ಕೆ ಹೋಗಬೇಕು. ಸುತ್ತ ನಾಲ್ಕೂ ಕಡೆ ಕಬ್ಬು. ಬೆಳೆ ಎತ್ತರಕ್ಕೆ ಬಂದ ತಿಂಗಳುಗಳಲ್ಲಿ ರಸ್ತೆಯಿಂದ ನೋಡಿದರೆ ಶಾಲೆಯ ಧ್ವಜದ ಕಂಬ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮಕ್ಕಳು ಒಳಗೆ ಕನ್ನಡ, ಹೊರಗೆ ಅರ್ಧ ಮರಾಠಿ. ಮಗ್ಗಿಯನ್ನು ಮಾತ್ರ ಎರಡೂ ಭಾಷೆಯಲ್ಲಿ ತಪ್ಪು ಹೇಳುತ್ತಿದ್ದರು.

ನಮ್ಮ ದೇಶ ಚಂದ್ರನತ್ತ ನೌಕೆ ಕಳಿಸಿದ ಸುದ್ದಿ ಇನ್ನೂ ಹಳತಾಗಿರಲಿಲ್ಲ. ಚಿಕ್ಕೋಡಿಯಲ್ಲಿ ಗಣಿತ ಶಿಕ್ಷಕರಿಗೆ ಮೂರು ದಿನದ ತರಬೇತಿ ಇಟ್ಟಿದ್ದರು. ಊಟದ ನಂತರದ ಅವಧಿ, ಅರ್ಧ ಮಂದಿ ತೂಕಡಿಸುತ್ತಿದ್ದರು. ತರಬೇತಿ ಕೊಡಲು ಬಂದಿದ್ದ ಸಣ್ಣ ವಯಸ್ಸಿನ ಮೇಡಂ ಒಂದು ಆಟ ಹೇಳಿಕೊಟ್ಟರು. ವರ್ಗವೇ ಆಕಾಶದಲ್ಲಿ ಹಾರುತ್ತಿರುವ ನೌಕೆ. ಮಕ್ಕಳೇ ಅದರೊಳಗಿನ ಯಾತ್ರಿಗಳು. ಇದ್ದಕ್ಕಿದ್ದಂತೆ ಅಪಾಯದ ಗಂಟೆ ಬಾರಿಸುತ್ತದೆ, ನೌಕೆಗೆ ತೂತು ಬಿದ್ದಿದೆ. ಎಲ್ಲರೂ ಸೇರಿ ಲೆಕ್ಕ ಮಾಡಿ, ಒಬ್ಬರ ಉತ್ತರವನ್ನು ಇನ್ನೊಬ್ಬರು ತೆಗೆದುಕೊಂಡು, ಗೊತ್ತುಪಡಿಸಿದ ಹೊತ್ತಿನೊಳಗೆ ಎಲ್ಲರನ್ನೂ ಜೀವಂತ ಮನೆಗೆ ಮುಟ್ಟಿಸಬೇಕು. ನನಗೆ ಆ ಆಟದ ಹುಚ್ಚೇ ಹಿಡಿಯಿತು. ಬಸ್ಸಿನಲ್ಲಿ ವಾಪಸು ಬರುವಾಗ ನೋಟ್‌ಬುಕ್ಕಿನ ಹಿಂದೆ ಅಂಕಿಗಳನ್ನು ಹೊಂದಿಸುತ್ತ ನನ್ನ ನಿಲ್ದಾಣ ದಾಟಿಹೋಗಿ, ಮುಂದಿನ ಊರಿನಿಂದ ನಡೆದು ಬಂದೆ.

ಏಳನೆಯ ಇಯತ್ತೆಯಲ್ಲಿ ಆ ವರ್ಷ ಒಬ್ಬ ಹುಡುಗಿ ಇದ್ದಳು. ಎತ್ತರದ, ಕಡ್ಡಿಯಂಥ ಹುಡುಗಿ. ದಿನಾ ಪ್ರಾರ್ಥನೆ ಮುಗಿದ ಮೇಲೆ ಓಡುತ್ತ ಬರುತ್ತಿದ್ದಳು, ಉಗುರಿನ ಸಂದಿಯಲ್ಲಿ ಹಿಟ್ಟು ಒಣಗಿರುತ್ತಿತ್ತು. ಅವ್ವ ಬೆಳಗಾಗುವುದರೊಳಗೆ ಕಳೆ-ಕಸ ತೆಗೆಯಲು ಕಬ್ಬಿನ ಹೊಲಕ್ಕೆ ಹೋಗುತ್ತಿದ್ದಳು. ಹಾಗಾಗಿ ನಾಲ್ಕನೆಯ ಇಯತ್ತೆಯಿಂದಲೇ ಮನೆಯ ರೊಟ್ಟಿ ಈಕೆಯ ಪಾಲಿಗೆ ಬಂದಿತ್ತು. ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಬರೆದು ಮುಗಿಸುವುದರೊಳಗೆ ಆಕೆಯ ತುಟಿ ಅಲ್ಲಾಡಿ ನಿಂತಿರುತ್ತಿತ್ತು. ಕೈ ಮಾತ್ರ ಎತ್ತುತ್ತಿರಲಿಲ್ಲ. ಕೇಳಿದರೆ ಹೇಳುತ್ತಿದ್ದಳು, ಕೇಳದಿದ್ದರೆ ಇಲ್ಲ. ಅಷ್ಟು ವರ್ಷದಲ್ಲಿ ಅಂಥ ತಲೆ ನನ್ನ ಕೈಗೆ ಇನ್ನೊಂದು ಬಂದಿರಲಿಲ್ಲ. ಆಕೆ ಎಂಟಕ್ಕೆ ಹೋಗಬೇಕು ಎಂಬುದು ನನಗೆ ಹಟವಾಗಿಬಿಟ್ಟಿತ್ತು.

ಖರ್ಚಿನ ತೊಂದರೆ ಇರಲಿಲ್ಲ. ಎಂಟಕ್ಕೆ ಹೋದ ಹುಡುಗಿಯರಿಗೆ ಸರಕಾರ ಸೈಕಲ್ ಕೊಡುತ್ತಿತ್ತು, ಪುಸ್ತಕ ಕೊಡುತ್ತಿತ್ತು. ತೊಂದರೆ ಎಂದರೆ ಒಲೆಯ ಮುಂದೆ ಯಾರು ಕೂರಬೇಕು ಎನ್ನುವುದು. ಅಪ್ಪ ಒಬ್ಬ ಜೈನ ರೈತರ ಟ್ರ್ಯಾಕ್ಟರ್ ನಡೆಸಿ ಕಾರ್ಖಾನೆಗೆ ಕಬ್ಬು ಸಾಗಿಸುತ್ತಿದ್ದ. ಕೆಟ್ಟ ಮನುಷ್ಯನಲ್ಲ, ಕುಡಿಯುತ್ತಿರಲಿಲ್ಲ, ಕೂಗಾಡುತ್ತಿರಲಿಲ್ಲ. ಮಾತೂ ಇಲ್ಲ, ನಗುವೂ ಇಲ್ಲ. ಒಂದು ಮುಂಜಾನೆ ಊರ ಅಗಸಿಬಾಗಿಲ ಹತ್ತಿರ ಆತನ ಟ್ರ್ಯಾಕ್ಟರ್ ನಿಲ್ಲಿಸಿ, ಮಗಳನ್ನು ಮುಂದೆ ಓದಿಸಬೇಕೆಂದು ಹೇಳಿದೆ. ಹುಡುಗಿ ನನ್ನ ಪಕ್ಕದಲ್ಲೇ ನಿಂತಿದ್ದಳು.

"ಆಕಿ ಅಷ್ಟ ಶಾಣ್ಯಾಕಿ ಅದಾಳೇನ್ರಿ ಅಕ್ಕೋರ?" ಎಂದು ಕೇಳಿದ.

"ಬಂದು ನಿಮ್ಮ ಕಣ್ಣಾಗ ನೋಡ್ರಿ. ಮುಂದಿನ ಶನಿವಾರ ಸಾಲ್ಯಾಗ ಒಂದು ಆಟ ಐತಿ, ತಂದೆ-ತಾಯಿಗೋಳನ್ನ ಕರದೀವಿ. ಆಕಿನ ಅದಕ್ಕ ಕ್ಯಾಪ್ಟನ್."

ಆತ ಸ್ಟೇರಿಂಗ್ ಮೇಲೆ ಕೈ ಇಟ್ಟು ಯೋಚಿಸಿದ. "ಬರ್ತೀನ್ರಿ. ನೋಡ್ತೀನಿ. ಶಾಣ್ಯಾಕಿ ಅನಿಸಿದ್ರ ಕಳಸ್ತೀನಿ, ಅಜ್ಜಿ ಹೆಂಗರೆ ಮಾಡಿ ರೊಟ್ಟಿ ಬಡಕೋತಾಳ," ಎಂದ.

ಹುಡುಗಿ ಆ ಮಾತು ಕೇಳಿ ನನ್ನ ಮುಖ ನೋಡಿದಳು. ನಾನು ಗೆದ್ದೆ ಎಂದುಕೊಂಡೆ.

ಆ ವಾರವೆಲ್ಲ ತಯಾರಿ ನಡೆಯಿತು. ಕಿಟಕಿಗಳಿಗೆ ಗೋಣಿತಟ್ಟು ಕಟ್ಟಿದೆವು. ಗಣಪತಿ ಹಬ್ಬದಲ್ಲಿ ಉಳಿದಿದ್ದ ಕೆಂಪು ಬಣ್ಣದ ಕಾಗದವನ್ನು ಬ್ಯಾಟರಿಯ ಮುಖಕ್ಕೆ ಸುತ್ತಿದರೆ ಅದೇ ಅಪಾಯದ ದೀಪ. ಬೆಂಚುಗಳನ್ನು ಗುಂಡಗೆ ಜೋಡಿಸಿ ನೌಕೆ ಮಾಡಿದೆವು. ಎರಡು ಸಲ ಅಭ್ಯಾಸವನ್ನೂ ಮಾಡಿಸಿದೆ, ಬೇರೆ ಬೇರೆ ಅಂಕಿ ಕೊಟ್ಟು. ಆಗ ಕ್ಯಾಪ್ಟನ್ ಬೇರೆಯವರಾಗಿದ್ದರು, ಈಕೆ ಗುಂಪಿನಲ್ಲಿ ಕುಳಿತು ಲೆಕ್ಕ ಮಾಡಿದ್ದಳು. ಎರಡು ಸಲವೂ ಎಲ್ಲರೂ ಬದುಕಿದರು. ಕ್ಯಾಪ್ಟನ್ ಆದರೆ ಆಕೆ ಬೇರೆ ರೀತಿ ಎಣಿಸಬಹುದು ಎಂದು ನನಗೆ ಹೊಳೆಯಲಿಲ್ಲ. ಹೇಗೆ ಹೊಳೆದೀತು?

ಶನಿವಾರ ಮುಂಜಾನೆಯ ಶಾಲೆ. ವರ್ಗದ ಹಿಂದಿನ ಗೋಡೆಗೆ ಹತ್ತು ಹದಿನೈದು ಜನ ಪಾಲಕರು ಸಾಲಾಗಿ ಕುಳಿತಿದ್ದರು, ಹೆಚ್ಚಿನವರು ಹೆಂಗಸರು. ಆಕೆಯ ಅಪ್ಪ ಬಂದೇ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ, ಕುಳಿತುಕೊಳ್ಳಿ ಎಂದರೂ ಬಾಗಿಲಿನ ಹತ್ತಿರವೇ ನಿಂತ. ಹೆಡ್‌ಮಾಸ್ತರರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಇಪ್ಪತ್ತು ನಿಮಿಷ ಎಂದರು. ಹೊರಗೆ ಗಂಟೆ ಬಾರಿಸಿತು. ಕೆಂಪು ದೀಪ ಹತ್ತಿತು. ಆಡುವವರು ಆರು ಮಕ್ಕಳು, ಉಳಿದವರು ಉಸಿರು ಬಿಗಿಹಿಡಿದು ನೋಡುವವರು.

ಬೋರ್ಡಿನ ಮೇಲೆ ನಾನು ಬರೆದಿಟ್ಟಿದ್ದ ಲೆಕ್ಕ ಹೀಗಿತ್ತು. ನೌಕೆಯ ಟಾಕಿಯಲ್ಲಿ ನಾನೂರಾ ಎಂಬತ್ತು ಪಾಲು ಗಾಳಿ ಇತ್ತು. ಕಲ್ಲು ಬಡಿದು ಅದರಲ್ಲಿ ಕಾಲು ಭಾಗ ಸೋರಿಹೋಗಿದೆ. ಭೂಮಿ ಆರು ಲಕ್ಷ ಕಿಲೋಮೀಟರ್ ದೂರ, ನೌಕೆ ತಾಸಿಗೆ ಐವತ್ತು ಸಾವಿರ ಕಿಲೋಮೀಟರ್ ಓಡುತ್ತದೆ. ಎಚ್ಚರವಿದ್ದ ಒಬ್ಬರಿಗೆ ತಾಸಿಗೆ ಆರು ಪಾಲು ಗಾಳಿ ಬೇಕು, ಮಲಗಿದವರಿಗೆ ಮೂರು ಸಾಕು. ಎಷ್ಟು ಜನ ಎಚ್ಚರವಿರಬಹುದು, ಎಷ್ಟು ಜನ ಮಲಗಬೇಕು? ಯಾರೂ ಸಾಯಬಾರದು.

ಮಕ್ಕಳು ನಿಜವಾಗಿಯೂ ನೌಕೆಯೊಳಗಿದ್ದಂತೆ ಪಿಸುಗುಡುತ್ತಿದ್ದರು. ಗಾಳಿಯ ಗುಂಪಿನ ಇಬ್ಬರು ಸೋರಿದ್ದನ್ನು ಕಳೆದು ಮುನ್ನೂರಾ ಅರವತ್ತು ಎಂದು ಚೀಟಿ ತಂದರು. ದಾರಿಯ ಗುಂಪಿನವರು ಸೊನ್ನೆಗಳ ನಡುವೆ ಒಮ್ಮೆ ಜಾರಿ, ಮತ್ತೆ ಎದ್ದು, ಹನ್ನೆರಡು ತಾಸು ಎಂದರು. ಈಕೆ ಒಬ್ಬೊಬ್ಬರ ಹತ್ತಿರವೂ ಹೋಗಿ ಚೀಟಿ ಇಸಿದುಕೊಂಡಳು, ಹೆದರಿದ್ದ ಒಬ್ಬಳ ಬೆನ್ನು ಮುಟ್ಟಿದಳು, ಎಲ್ಲರನ್ನೂ ಬೆರಳು ಮಾಡಿ ಎಣಿಸಿದಳು. ಅಷ್ಟು ಚೆಂದಾಗಿ ಒಂದು ಗುಂಪನ್ನು ನಡೆಸಿದ ಮಗುವನ್ನು ನಾನು ಆಮೇಲೂ ನೋಡಿಲ್ಲ. ನಾನು ಬಾಗಿಲ ಕಡೆ ನೋಡಿದೆ. ಆಕೆಯ ಅಪ್ಪ ಕೈ ಕಟ್ಟಿಕೊಂಡು ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ಹದಿನಾರನೆಯ ನಿಮಿಷಕ್ಕೆ ಆಕೆ ಸೀಮೆಸುಣ್ಣದ ಖಡು ಹಿಡಿದು ಬೋರ್ಡಿನ ಹತ್ತಿರ ಬಂದಳು. ಐದು ಜನ, ಆರು ಪಾಲು, ಹನ್ನೆರಡು ತಾಸು ಎಂದು ಬರೆದು ಗುಣಿಸಿದಳು. ಮುನ್ನೂರಾ ಅರವತ್ತು. ಟಾಕಿಯಲ್ಲಿ ಇರುವುದೂ ಮುನ್ನೂರಾ ಅರವತ್ತು. ಕೆಳಗೆ ಗೆರೆ ಎಳೆದು, ಯಾರೂ ಮಲಗುವುದು ಬೇಡ, ಗಾಳಿ ಎಲ್ಲರಿಗೂ ಸಾಕಾಗುತ್ತದೆ ಎಂದು ಬರೆದಳು.

ಐದಕ್ಕೆ ಗುಣಿಸಿದರೆ ಅಷ್ಟು ಸರಿಯಾಗಿ ಕೂಡಿಬರುತ್ತದೆ ಎಂದು ಆ ಅಂಕಿಗಳನ್ನು ಹೊಂದಿಸಿದ ನನಗೇ ಗೊತ್ತಿರಲಿಲ್ಲ. ಶೇಷ ಉಳಿಯದ ಲೆಕ್ಕವನ್ನು ಮಕ್ಕಳು ಅನುಮಾನಿಸುವುದಿಲ್ಲ. ಆರು ಜನರಿಗೆ ಮಾಡಿದ್ದರೆ ಗಾಳಿ ಕಡಿಮೆ ಬೀಳುತ್ತಿತ್ತು, ಆಕೆ ಯೋಚಿಸುತ್ತಿದ್ದಳು, ಇಬ್ಬರನ್ನು ಮಲಗಿಸುತ್ತಿದ್ದಳು. ಗುಂಪಿನ ಉಳಿದ ಐವರೂ ಬೋರ್ಡು ನೋಡಿ ತಲೆಯಾಡಿಸಿದರು. ಅವರವರು ಲೆಕ್ಕದಲ್ಲಿ ಇದ್ದರಲ್ಲ.

ಇನ್ನೂ ನಾಲ್ಕು ನಿಮಿಷ ಉಳಿದಿತ್ತು. ನಾನು ಸುಮ್ಮನಿರಬೇಕಾಗಿತ್ತು. ಇನ್ನೊಮ್ಮೆ ನೋಡವ್ವಾ ಎಂದಿದ್ದರೂ ಸಾಕಿತ್ತು. ನನ್ನ ಬಾಯಿಂದ ಬಂದದ್ದು ಇದು:

"ಏ ಕ್ಯಾಪ್ಟನ್ನ, ನೀ ಏನ ಹೊರಗ ನಿಂತು ಉಸರಾಡಾಕಿ ಏನ?"

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಇಡೀ ವರ್ಗ ಹೋ ಎಂದು ನಕ್ಕಿತು. ಹಿಂದೆ ಕುಳಿತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಹೆಡ್‌ಮಾಸ್ತರರು ನಕ್ಕರು. ನನ್ನ ಚಾಷ್ಟಿಗೆ ನಾನೂ ನಕ್ಕೆ. ಬಾಗಿಲಲ್ಲಿ ನಿಂತ ಆಕೆಯ ಅಪ್ಪನೂ ನಕ್ಕ, ಹಲ್ಲು ಕಾಣುವ ಹಾಗೆ, ಬಾಗಿಲಿನ ಚೌಕಟ್ಟು ಹಿಡಿದುಕೊಂಡು. ಹುಡುಗಿ ಬೋರ್ಡಿನ ಕಡೆ ತಿರುಗಿ ಖಡು ಎತ್ತಿದಳು. ಆಮೇಲೆ ಹಿಂದಿರುಗಿ ಅಪ್ಪನ ಕಡೆ ನೋಡಿದಳು. ಆಮೇಲೆ ಖಡು ಮೇಜಿನ ಮೇಲಿಟ್ಟು, ತಾನೂ ಸ್ವಲ್ಪ ನಕ್ಕು, ಕೈ ಕಟ್ಟಿ ನಿಂತಳು. ಗಾಬರಿಯಲ್ಲಿ ದಾರಿ ತೋಚುತ್ತಿಲ್ಲ ಎಂದುಕೊಂಡೆ. ಹೊತ್ತು ಮುಗಿಯಿತು, ಗಂಟೆ ಬಾರಿಸಿದರು, ನೌಕೆಯಲ್ಲಿದ್ದವರೆಲ್ಲ ಸತ್ತರು ಎಂದು ನಾನೇ ಸಾರಿದೆ. ಗುಂಪಿನ ಮಕ್ಕಳು ನೆಲಕ್ಕೆ ಬಿದ್ದು ನಾಲಗೆ ಹೊರಚಾಚಿ ಸತ್ತಂತೆ ಆಡಿದರು. ನಂತರ ಎದ್ದು ಉಪ್ಪಿಟ್ಟಿಗೆ ಓಡಿದರು.

ಬೆಂಚು ಜೋಡಿಸಲು ಆಕೆ ಒಬ್ಬಳೇ ನಿಂತಳು. ನಾನು ಹತ್ತಿರ ಹೋಗಿ, ಐದು ಯಾಕೆ ಬರೆದೆ ಎಂದು ಕೇಳಿದೆ. ಬೈಯುವುದಕ್ಕಲ್ಲ, ತಿಳಿದುಕೊಳ್ಳಬೇಕಾಗಿತ್ತು.

"ಮನ್ಯಾಗ ದಿನಾ ಹಂಗ ಎಣಸ್ತೀನ್ರಿ. ಅಪ್ಪಗ ಮೂರು, ಅವ್ವಗ ಎರಡು, ತಮ್ಮಗೋಳಿಗೆ ಎರಡೆರಡು, ಅಜ್ಜಿಗ ಒಂದು. ರೊಟ್ಟಿ ಬಡಿಯಾಕಿನ್ನ ಲೆಕ್ಕಕ್ಕ ಹಿಡಿಯಂಗಿಲ್ಲಲ್ರಿ. ಉಳದದ್ದ ತಿಂತಾಳಲ್ರಿ."

ಅಷ್ಟು ಹೇಳಿ ಬೆಂಚು ಎಳೆಯತೊಡಗಿದಳು. ನಾನು ಅಲ್ಲೇ ನಿಂತೆ. ನಮ್ಮ ಅವ್ವ ಹಾಗೆಯೇ ಎಣಿಸುತ್ತಿದ್ದಳು. ಅತ್ತೆ ಹಾಗೆಯೇ ಎಣಿಸುತ್ತಿದ್ದರು. ಸಂಬಳ ತರುವ ನಾನೂ ಆವತ್ತು ಮುಂಜಾನೆ ಗಂಡನಿಗೆ, ಮಕ್ಕಳಿಗೆ, ಮಾವನವರಿಗೆ ಎಂದು ಎಣಿಸಿ ಹಿಟ್ಟು ನಾದಿಟ್ಟು ಬಂದಿದ್ದೆ. ನನ್ನ ಅಡುಗೆಮನೆಯ ತಪ್ಪನ್ನೇ ಬೋರ್ಡಿನ ಮೇಲೆ ಕಂಡು ನಾನು ಊರ ಮುಂದೆ ನಕ್ಕಿದ್ದೆ. ಆ ಸಂಕಟ ಏನೆಂದು ಹೇಳಲಿ? ಅದನ್ನು ಆಕೆಗೆ ಹೇಳಬೇಕಾಗಿತ್ತು, ಅದೂ ಆಗಲಿಲ್ಲ. ಉಪ್ಪಿಟ್ಟು ತಿನ್ನು ಹೋಗು ಎಂದೆ.

ವಾರ ಬಿಟ್ಟು ಅವರ ಮನೆಗೆ ಹೋದೆ. ಅಜ್ಜಿ ಕಟ್ಟೆಯ ಮೇಲೆ ಕುಳಿತಿದ್ದಳು. ಅಪ್ಪ ಖುರ್ಚಿ ತಂದು ಹಾಕಿದ. ಹುಡುಗಿ ಚಹಾ ತಂದುಕೊಟ್ಟು ಒಳಗೆ ಹೋದಳು. ನಾನು ಗಂಟಲು ಒಣಗುವಷ್ಟು ಹೇಳಿದೆ. ಲೆಕ್ಕ ತಪ್ಪಿಲ್ಲ, ಒಂದು ಅಂಕಿ ತಪ್ಪಿದೆ, ಇಂಥ ತಲೆ ತಾಲೂಕಿನಲ್ಲೇ ಸಿಗುವುದಿಲ್ಲ ಎಂದೆ. ಐದು ಯಾಕೆ ಬಂತು ಎನ್ನುವುದನ್ನೂ ಹೇಳಲು ಹೋದೆ. ಅದನ್ನು ಹೇಳಿದರೆ ಆ ಮನೆಯ ಊಟದ ಬಗ್ಗೆ ಮಾತಾಡಿದಂತಾಗುತ್ತದೆ ಎಂದು ಅರ್ಧಕ್ಕೆ ನಿಲ್ಲಿಸಿದೆ.

ಆತ ಎಲ್ಲವನ್ನೂ ಕೇಳಿದ. ಸಿಟ್ಟಿರಲಿಲ್ಲ.

"ನೋಡ್ತೀನಿ ಅಂದಿದ್ದೆ, ನೋಡೀನ್ರಿ. ಮನೀ ಕೆಲಸದಾಗ ಶಾಣ್ಯಾಕಿ ಅದಾಳ. ಲೆಕ್ಕದಾಗ ಅಂಥಾದ್ದೇನ ಕಾಣಲಿಲ್ಲ."

"ಒಂದು ತಪ್ಪಿಗೆ ಹಂಗನ್ನಬ್ಯಾಡ್ರಿ ಅಣ್ಣಾರ."

"ನೀವ ನಕ್ಕೀರಲ್ರಿ ಅಕ್ಕೋರ," ಎಂದ. ಕುಟುಕಿ ಹೇಳಿದ್ದಲ್ಲ, ಕಂಡದ್ದನ್ನು ಹೇಳಿದ್ದು.

ಚಹಾ ಕುಡಿದು ಎದ್ದೆ. ಹುಡುಗಿ ಒಳಗಿನಿಂದ ಹೊರಗೆ ಬರಲಿಲ್ಲ.

ಪರೀಕ್ಷೆಯಲ್ಲಿ ಗಣಿತದಲ್ಲಿ ಆಕೆಯೇ ಮೊದಲು ಬಂದಳು. ವರ್ಗಾವಣೆ ಪತ್ರ ಒಯ್ಯಲು ಯಾರೂ ಬರಲಿಲ್ಲ. ಜೂನ್ ಹೋಯಿತು, ಜುಲೈ ಹೋಯಿತು. ಆಗಸ್ಟಿನವರೆಗೂ ಆ ಕಾಗದವನ್ನು ನಾನೇ ಹೆಡ್‌ಮಾಸ್ತರರ ಕಪಾಟಿನ ಮೇಲ್ಗಡೆ ಕಾಣುವಂತೆ ಇಟ್ಟಿದ್ದೆ. ಶಾಲೆಯ ಮುಂದಿನ ರಸ್ತೆಯಲ್ಲಿ ಬುತ್ತಿ ಹೊತ್ತು ಹೊಲಕ್ಕೆ ಹೋಗುವಾಗ ಆಕೆ ಕಂಪೌಂಡಿನ ಆ ಕಡೆಯಿಂದ ನಮಸ್ಕಾರ್ರಿ ಅಕ್ಕೋರ ಎನ್ನುತ್ತಿದ್ದಳು. ನಾನು ಕೈ ಎತ್ತುತ್ತಿದ್ದೆ. ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಎರಡು ವರ್ಷಕ್ಕೆ ಆಕೆಯ ಲಗ್ನವಾಯಿತು ಎಂದು ಕೇಳಿದೆ; ವಯಸ್ಸು ತುಂಬಿರಲಿಲ್ಲ, ನನಗೆ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅದೇ ವರ್ಷ ನನಗೂ ಕಾಗವಾಡದ ಕಡೆ ವರ್ಗವಾಯಿತು.

ಆ ಆಟವನ್ನು ಮತ್ತೆ ಆಡಿಸಲಿಲ್ಲ. ಹೊಸ ಶಾಲೆಯಲ್ಲಿ ಚಾಷ್ಟಿಯನ್ನೂ ಬಿಟ್ಟೆ. ಅಲ್ಲಿಯ ಮಕ್ಕಳು ನನ್ನನ್ನು ಸಿಡುಕಿನ ಅಕ್ಕೋರು ಎಂದು ಹಿಂದಿನಿಂದ ಕರೆಯುತ್ತಿದ್ದರಂತೆ. ಕರೆಯಲಿ. ಒಂದು ಮಗು ಬೋರ್ಡಿನ ಮುಂದೆ ತಪ್ಪು ಬರೆದು ನಿಂತಾಗ ನಾನು ಸೆರಗು ಹಿಡಿದುಕೊಂಡು ಕಿಟಕಿಯ ಹೊರಗೆ ನೋಡುವುದನ್ನು ಕಲಿತೆ. ಬಹಳ ತಡವಾಗಿ ಕಲಿತೆ.

ಎಂಟೊಂಬತ್ತು ವರ್ಷಗಳ ಮೇಲೆ ಒಂದು ರವಿವಾರ ಮಂಗಸೂಳಿಗೆ ಮಲ್ಲಯ್ಯನ ದರ್ಶನಕ್ಕೆ ಹೋಗಿದ್ದೆ. ಮಧ್ಯಾಹ್ನ ಬಸ್ಸಿಗೆ ಕಾಯುತ್ತ ನಿಂತಾಗ ಒಬ್ಬ ಹೆಣ್ಣುಮಗಳು ಬಂದು ಕಾಲಿಗೆ ಬಿದ್ದಳು. ಹಣೆತುಂಬ ಅರಿಸಿನದ ಭಂಡಾರ ಹಚ್ಚಿದ್ದರಿಂದ ಮೊದಲು ಗುರುತು ಸಿಗಲಿಲ್ಲ. ಎತ್ತರ ನೋಡಿ ಗುರುತು ಹಿಡಿದೆ. ಜೊತೆಗಿದ್ದ ನಾಲ್ಕು ವರ್ಷದ ಮಗಳನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಅತ್ತೆಯ ಮನೆ ಅಥಣಿಯ ಕಡೆ, ಗಂಡ ಒಳ್ಳೆಯವನು, ದ್ರಾಕ್ಷಿ ತೋಟದ ಕೆಲಸಕ್ಕೆ ಇಬ್ಬರೂ ಹೋಗುತ್ತೇವೆ ಎಂದಳು. ಅಪ್ಪ ತೀರಿಕೊಂಡು ಒಂದು ವರ್ಷವಾಯಿತು ಎಂದಳು. ನಾನು ಕಾಲು ಎಳೆಯುವುದನ್ನು ನೋಡಿ ಮಂಡಿನೋವು ವಿಚಾರಿಸಿದಳು. ಅಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದ ಮಾತನ್ನು ನಾನು ಆ ರಸ್ತೆಯ ಬದಿಯಲ್ಲೇ ಹೇಳಿಬಿಟ್ಟೆ.

"ಆವತ್ತ ನಾ ನಗಬಾರದಿತ್ತವ್ವಾ. ನಂದ ತಪ್ಪು."

ಯಾವತ್ತು ಎಂದು ಆಕೆ ಕೇಳಲಿಲ್ಲ.

"ನೀವು ಅಂದಕೂಡ್ಲೆ ನಂಗ ತಪ್ಪು ತಿಳದಿತ್ರಿ ಅಕ್ಕೋರ. ನಾಕ್ ಮಂದಿ ಎಚ್ಚರ, ಇಬ್ಬರು ಮಲಗೂದು. ಸರಿಯಾಗಿ ಮುನ್ನೂರಾ ಅರವತ್ತ ಆಗ್ತಿತ್ತು."

"ಮತ್ತ ಯಾಕ ಬರೀಲಿಲ್ಲ? ನಾಕ್ ನಿಮಿಷ ಇತ್ತಲ್ಲ."

ಆಕೆ ಮಗಳನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿಕೊಂಡಳು.

"ಅಪ್ಪ ನಗಾಕತ್ತಿದ್ರಿ," ಎಂದಳು. "ನನ್ನ ನೋಡಿ ಅಪ್ಪ ನಕ್ಕದ್ದು ಅದ ಮೊದಲ. ಖುಷಿ ಆಗ್ಯಾನ, ಇನ್ನ ಸಾಲಿಗೆ ಕಳಸ್ತಾನ ಅನ್ಕೊಂಡೆ. ತಿದ್ದಿದ್ರ ನಗೂದು ಬಿಡ್ತಾನೇನೋ ಅಂತ ಖಡು ಕೆಳಗಿಟ್ಟೆ."

ನಾನು ಅಲ್ಲೇ, ಅಷ್ಟು ಜನರ ನಡುವೆ, ಅಳತೊಡಗಿದೆ. ಆಕೆ ಮಗಳನ್ನು ಕೆಳಗಿಳಿಸಿ ನನ್ನ ಕೈ ಹಿಡಿದುಕೊಂಡಳು. ಆಗಲಿ ಬಿಡ್ರಿ, ಆದದ್ದಾತು, ಸಮಾಧಾನ ಮಾಡ್ಕೋರ್ರಿ ಎಂದು ಬೆನ್ನು ಸವರಿದಳು. ಬಸ್ಸು ಬಂದಾಗ ಮಗಳ ಕೈಯನ್ನು ನನಗೆ ಹಿಡಿಸಿ, ಗದ್ದಲದಲ್ಲಿ ತಾನೇ ಮೊದಲು ಹತ್ತಿ, ಕಿಟಕಿಯ ಪಕ್ಕದ ಸೀಟು ಹಿಡಿದು, ನನ್ನನ್ನು ಅದರಲ್ಲಿ ಕೂರಿಸಿ, ಮಗಳನ್ನು ಎತ್ತಿಕೊಂಡು ಇಳಿದು ಹೋದಳು.